ಏಳೆಂಟ್ಲೆ ಇಲ್ಲದ ಮಗ್ಗಿ

ಆ ಕಾಲು ಅವರದಲ್ಲ. ಪುಣೆಯ ಸದಾಶಿವ ಪೇಠದ ನಮ್ಮ ಚೌಕದಲ್ಲಿ ಹೋದ ತಿಂಗಳು ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ, ಕಪ್ಪು ಸ್ಯಾಟಿನ್ ಅಂಗಿಯ ಮನುಷ್ಯನೊಬ್ಬ ಬಲಗಾಲನ್ನು ಕಿವಿಯ ತನಕ ಎತ್ತಿ ನಿಂತಿದ್ದಾನೆ. ಅದರಲ್ಲಿ ತಲೆಯೊಂದೇ ಅವರದು. ಕುತ್ತಿಗೆಯಿಂದ ಕೆಳಗಿನದೆಲ್ಲ ಯಾವನೋ ಚೀನೀ ತರುಣನದು, ಫ್ಲೆಕ್ಸ್ ಮಾಡುವವನು ಇಂಟರ್‌ನೆಟ್ಟಿನಿಂದ ಎತ್ತಿ ಅಂಟಿಸಿದ್ದು. ಗಲ್ಲದ ಕೆಳಗೆ ಬಣ್ಣ ಕೂಡ ಹೊಂದಿಲ್ಲ. ಹನ್ನೊಂದು ತಿಂಗಳು ದಿನಾ ಬೆಳಿಗ್ಗೆ ಅವರ ಕ್ಲಾಸಿನ ಕಟ್ಟೆಯ ಮೇಲೆ ಕೂತು ನೋಡಿದವಳು ನಾನು. ಅವರ ಕಾಲು ಸೊಂಟದ ಮಟ್ಟಕ್ಕೆ ಎದ್ದದ್ದನ್ನು ಒಮ್ಮೆಯೂ ಕಂಡಿಲ್ಲ.

ಬಹುವಚನ ಹಾಕುತ್ತಿರುವುದು ಸತ್ತಿದ್ದಾರೆಂಬ ಒಂದೇ ಕಾರಣಕ್ಕೆ. ಬದುಕಿದ್ದಾಗ ನನ್ನ ಮನಸ್ಸಿನಲ್ಲಿ ಅವರಿಗೆ ಇದ್ದದ್ದು ಏಕವಚನವೇ.

ಅವರು ಚೀನೀ ಕುಂಗ್‌ಫೂ ಕಲಿಸುತ್ತಿದ್ದರು. ಹಳೆಯ ವಾಡೆಯೊಂದರ ಅಂಗಳದಲ್ಲಿ, ಬೆಳಿಗ್ಗೆ ಆರೂವರೆಯಿಂದ ಏಳೂವರೆಯ ತನಕ. ವಾಡೆಯ ಮಾಲೀಕರು ಪುಣೆಯ ಪದ್ಧತಿಯಂತೆ ಗೋಡೆಗೊಂದು ಹಲಗೆ ಹಾಕಿದ್ದರು. ಅದರ ಮರಾಠಿಯ ತಾತ್ಪರ್ಯ ಇಷ್ಟು: 'ಗೋಡೆಗೆ ಒದೆಯಬೇಡಿ. ಅದು ನಿಮಗಿಂತ ಹಳೆಯದು, ನಿಮಗಿಂತ ಉಪಯೋಗದ್ದು.' ಮಧ್ಯಾಹ್ನ ಗುರುಗಳು ಭೋಸರಿಗೆ ಹೋಗಿ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಡನೇ ಪಾಳಿಯ ಫಿಟ್ಟರ್ ಆಗುತ್ತಿದ್ದರು. ಬೆಳಿಗ್ಗೆ ಮಾತ್ರ ಸೀಫೂ. ಹಾಗೆಂದರೆ ಚೀನೀ ಭಾಷೆಯಲ್ಲಿ ಗುರು ಅಂತೆ. ಅವರಿಗೆ ಬರುತ್ತಿದ್ದ ಚೀನೀ ಶಬ್ದ ಬಹುಶಃ ಅದೊಂದೇ.

ಸ್ಯಾಟಿನ್ ಅಂಗಿಯನ್ನು ಹೊಲಿದವನು ಮದುವೆಯ ಬ್ಯಾಂಡಿನವರ ದರ್ಜಿ. ತೋಳಿಗೆ, ಕಾಲರಿಗೆ ಬಂಗಾರದ ಅಂಚು ಇತ್ತು. ಅವರು ಅಂಗಳದ ನಡುವೆ ಕೈ ಮುಗಿದು ನಿಂತರೆ, ಇನ್ನೇನು ವರ ಬಂದ, ತುತ್ತೂರಿ ಊದುತ್ತಾರೆ ಅನ್ನಿಸುತ್ತಿತ್ತು. ಹೊಟ್ಟೆ ಆ ಅಂಗಿಯ ಗುಂಡಿಗಳಿಗೆ ಸದಾ ಪರೀಕ್ಷೆ ಒಡ್ಡುತ್ತಿತ್ತು.

ಎಲ್ಲಿ ಕಲಿತಿರಿ ಎಂದು ತಂದೆತಾಯಿಗಳು ಕೇಳಿದರೆ ಸೂರ್ಯ ಹುಟ್ಟುವ ಕಡೆ ಕೈ ತೋರಿಸಿ, "ಪೂರ್ವೇಲಾ" ಅನ್ನುತ್ತಿದ್ದರು. ಪೂರ್ವದಲ್ಲಿ. ಕೇಳಿದವರು ಕಣ್ಣಗಲಿಸುತ್ತಿದ್ದರು. ಆ ಪೂರ್ವ ಸೊಲ್ಲಾಪುರ ಎಂದು ನನಗೆ ಆಮೇಲೆ ತಿಳಿಯಿತು. ಪುಣೆಗೆ ಸೊಲ್ಲಾಪುರ ಪೂರ್ವಕ್ಕೇ ಇದೆ, ಅದನ್ನು ಅಲ್ಲ ಅನ್ನುವ ಹಾಗಿಲ್ಲ. ಆ ಮನುಷ್ಯನ ಗುಟ್ಟೇ ಅದು. ಬಾಯಿಬಿಟ್ಟು ಸುಳ್ಳು ಹೇಳುತ್ತಿರಲಿಲ್ಲ. ಜನರೇ ಹೇಳಿಕೊಳ್ಳಲಿ ಎಂದು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಹಾಳೂರಿಗೆ ಉಳಿದವನೇ ಗೌಡ. ನಮ್ಮ ಪೇಠದಲ್ಲಿ ಕುಂಗ್‌ಫೂ ಬಲ್ಲ ಎರಡನೆಯವರು ಇರಲಿಲ್ಲ.

ನಾನು ಗದಗಿನವಳು. ಇದೇ ಪೇಠದ ಕೋಚಿಂಗ್ ಕ್ಲಾಸೊಂದರಲ್ಲಿ ಗಣಿತ ಕಲಿಸುತ್ತೇನೆ. ಗಂಡ ಮರಾಠಿಯವರು, ಮನೆಯ ಮಾತು ಮರಾಠಿ. ಮಗಳು ಸಾನಿಕಾಗೆ ಕನ್ನಡ ಕಲಿಸಲು ನಾನು ಮಾಡದ ಪ್ರಯತ್ನವಿಲ್ಲ. ಗೋಡೆಗೆ ಅಕ್ಷರಮಾಲೆ ಅಂಟಿಸಿದೆ, ಕಥೆ ಓದಿದೆ, ಚಾಕಲೇಟಿನ ಆಸೆ ತೋರಿಸಿದೆ. ಅವಳು ಅದನ್ನು 'ತುಝೀ ಭಾಷಾ' ಅನ್ನುತ್ತಿದ್ದಳು, ನಿನ್ನ ಭಾಷೆ ಎಂದು. ಗದಗಿನಿಂದ ನನ್ನ ಅವ್ವ ಫೋನ್ ಮಾಡಿದರೆ ಹಲೋ ಅಂದು ಫೋನನ್ನು ನನ್ನ ಕೈಗೆ ತುರುಕುತ್ತಿದ್ದಳು. "ಮೊಮ್ಮಗಳ ಕೂಡ ಮಾತಾಡಾಕ ಈ ವಯಸ್ಸಿನ್ಯಾಗ ನಾ ಮರಾಠಿ ಕಲೀಬೇಕೇನವಾ?" ಎಂದು ಅವ್ವ ಕೇಳುತ್ತಿದ್ದಳು.

ಸಾನಿಕಾಗೆ ಹತ್ತು ವರ್ಷವಾದಾಗ ಕುಂಗ್‌ಫೂ ಹುಚ್ಚು ಹಿಡಿಯಿತು. ಕ್ಲಾಸಿಗೆ ಸೇರಿಸಿದೆ. ಮೊದಲ ದಿನ ಕಟ್ಟೆಯ ಮೇಲೆ ಕೂತೆ. ನಲವತ್ತು ಮಕ್ಕಳು ಕಾಲಗಲಿಸಿ, ತೊಡೆ ನೆಲಕ್ಕೆ ಸಮವಾಗುವಂತೆ ತಗ್ಗಿ, ಮುಷ್ಟಿಗಳನ್ನು ಸೊಂಟಕ್ಕಿಟ್ಟು, ಕಾಣದ ಕುದುರೆಯ ಮೇಲೆ ಕೂತಂತೆ ನಿಂತಿದ್ದರು. ಅದು ಕುದುರೆ ನಿಲುವು, ಎಲ್ಲಕ್ಕೂ ಮೊದಲ ಪಾಠ. ತೊಡೆಗಳು ನಡುಗುತ್ತಿದ್ದವು. ಎಲ್ಲರೂ ಮೂಗಿನಲ್ಲಿ ರಾಗ ಎಳೆದು ಒಟ್ಟಾಗಿ ಏನನ್ನೋ ಕೂಗುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬಳು ಭಕ್ತಿಯಿಂದ ನನ್ನ ಕಡೆ ಬಾಗಿದಳು.

"ಚೀನೀ ಮಂತ್ರ ಆಹೇ. ಶಕ್ತೀ ಯೇತೇ," ಅಂದಳು. ಚೀನೀ ಮಂತ್ರವಂತೆ, ಅದರಿಂದ ಶಕ್ತಿ ಬರುತ್ತದಂತೆ.

ಕಿವಿಗೊಟ್ಟೆ. 'ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಕು, ಏಳ್ಮೂರ್ಲೆ ಇಪ್ಪತ್ತೊಂದು...'

ಏಳರ ಮಗ್ಗಿ. ಪುಣೆಯ ನಲವತ್ತು ಮರಾಠಿ ಮಕ್ಕಳು ಕನ್ನಡ ಶಾಲೆಯ ಏಳರ ಮಗ್ಗಿಯನ್ನು ಚೀನೀ ಮಂತ್ರವೆಂದು ಪಠಿಸುತ್ತಿದ್ದರು. ಕೆಲವರು ಅದನ್ನು ದೇವನಾಗರಿಯಲ್ಲಿ ನೋಟ್‌ಬುಕ್ಕಿಗೂ ಇಳಿಸಿಕೊಂಡಿದ್ದರು. ಹಾಗೆಂದು ಪುಣೆಯವರು ಕನ್ನಡ ಕೇಳದವರಲ್ಲ, ಉಡುಪಿ ಹೋಟೆಲಿನ ಕೌಂಟರಿನಲ್ಲಿ ದಿನಾ ಕೇಳುತ್ತಾರೆ. ಆದರೆ ರಾಗ ಎಳೆದ ಮಗ್ಗಿಯನ್ನು ಎಲ್ಲಿ ಕೇಳಿರಬೇಕು? ಸಾಲುಸಾಲಿಗೆ ಲೆ, ಲೆ ಅನ್ನುವ ಭಾಷೆ ಚೀನೀ ಅಲ್ಲದೆ ಇನ್ನೇನು ಎಂದುಕೊಂಡಿದ್ದರು.

ಗಣಿತದವಳ ಕಿವಿಗೆ ಇನ್ನೊಂದೂ ತಾಗಿತು. 'ಏಳೇಳ್ಲೆ ನಲವತ್ತೊಂಬತ್ತು' ಆದ ಮೇಲೆ ಎಲ್ಲರೂ ಒಂದು ಉಸಿರು ಎಳೆದುಕೊಂಡರು. ಆಮೇಲೆ ನೇರವಾಗಿ 'ಏಳೊಂಬತ್ಲೆ ಅರವತ್ಮೂರು'. ನಡುವಿನ ಐವತ್ತಾರು ನಾಪತ್ತೆ. ಮಂತ್ರವೂ ಸುಳ್ಳು, ಮಗ್ಗಿಯೂ ತಪ್ಪು.

ಕ್ಲಾಸು ಮುಗಿದ ಮೇಲೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದವರನ್ನು ಹಿಡಿದೆ.

"ಸರ್, ನಿಮ್ದು ಯಾವ ಊರ್ರೀ?" ಎಂದು ಕನ್ನಡದಲ್ಲೇ ಕೇಳಿದೆ.

ಮುಖದ ಮೇಲಿನ ನೀರು ಒರೆಸಿಕೊಳ್ಳುವುದನ್ನೂ ಮರೆತು ನನ್ನನ್ನು ನೋಡಿದರು. "ಇಂಡಿ ತಾಲೂಕ್ರಿ," ಅಂದರು. ಆಮೇಲೆ ದನಿ ತಗ್ಗಿಸಿ, "ನೀವು?"

"ಗದಗ. ಗಣಿತ ಕಲಿಸ್ತೀನಿ. ಇದು ಚೀನೀ ಭಾಷಾ ಏನ್ರಿ?"

"ನಾ ಎಂದೂ ಹಂಗ ಅಂದಿಲ್ರಿ, ಅಕ್ಕಾರ. ನನಗ ಎಣಸಾಕ ಬರೂದು ಇದೊಂದ ಭಾಷಾದಾಗ. ಮೊದಲ ಬಂದ ಹುಡುಗ್ರು ಚೀನೀ ಅಂದ್ರು. ನಾ ಸುಮ್ಮ ಇದ್ದೆ."

"ಸುಮ್ಮ ಇರೂದು ಸುಳ್ಳ ಅಲ್ಲೇನ್ರಿ?"

"ಬಾಯಿ ಬಿಟ್ರ ಬಣ್ಣಗೇಡು ಅಂತಾರಲ್ರಿ," ಅಂದರು. ಅಷ್ಟು ಹೇಳಿ ಕೈ ಮುಗಿದರು. "ನಮ್ಮ ಕಡಿಯವರದೀರಿ. ಹೊಟ್ಟ್ಯಾಗ ಇಟ್ಕೋರಿ."

ನನಗೆ ಹೇಸಿಗೆಯಾಯಿತು. ನಮ್ಮ ಕಡೆಯವರು ಎಂಬ ಮಾತನ್ನು ಇಂಥ ಕೆಲಸಕ್ಕೂ ಬಳಸುತ್ತಾರಲ್ಲ ಎಂದು. ಮಾರನೆಯ ದಿನವೇ ಎಲ್ಲರೆದುರು ಹೇಳಿಬಿಡಬೇಕೆಂದು ತೀರ್ಮಾನಿಸಿ ಸ್ಕೂಟರ್ ಹತ್ತಿದೆ. ಹಿಂದೆ ಕೂತ ಸಾನಿಕಾ ನನ್ನ ಬೆನ್ನಿಗೆ ಗಲ್ಲ ಊರಿ ಗುನುಗತೊಡಗಿದಳು. 'ಏಳ್ನಾಕ್ಲೆ ಇಪ್ಪತ್ತೆಂಟು, ಏಳೈದ್ಲೆ ಮೂವತ್ತೈದು...' ಚೌಕ ದಾಟಿದೆವು, ಮನೆ ಬಂತು, ಅವಳು ನಿಲ್ಲಿಸಲಿಲ್ಲ. ನಾನು ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ.

ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ನನಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಿತ್ತು. ಹತ್ತು ವರ್ಷ ನಾನು ಮುದ್ದು ಮಾಡಿ ಕಲಿಸಿದರೂ ಬಾಯಿ ಬಿಡದ ಹುಡುಗಿ, ಬ್ಯಾಂಡಿನವನ ಅಂಗಿ ತೊಟ್ಟ ಫಿಟ್ಟರನ ಮುಂದೆ ಒಂದೇ ವಾರದಲ್ಲಿ ಏಳರ ಮಗ್ಗಿ ಒಪ್ಪಿಸಿದ್ದಳು. ಒಂದು ಸಂಜೆ ಅಡುಗೆಮನೆಯಲ್ಲಿ ನಾನೂ ಅವಳ ಜೊತೆ ದನಿಗೂಡಿಸಿದೆ. 'ನಾಲ್ಕು' ಅಂದೆ. ಅವಳು ನನ್ನನ್ನು ಕರುಣೆಯಿಂದ ನೋಡಿ ತಿದ್ದಿದಳು: "ನಾಲ್ಕು ನಾಹೀ ಆಯಿ, ನಾಕ. ತುಲಾ ನಾಹೀ ಜಮಣಾರ, ಚೈನೀಜ್ ಆಹೇ." ನಿನಗೆ ಬರುವುದಿಲ್ಲ, ಇದು ಚೀನೀ ಭಾಷೆ. ಗದಗಿನ ಹೆಣ್ಣುಮಗಳು ನಾನು, ತಲೆ ತಗ್ಗಿಸಿ 'ನಾಕ' ಅಂದೆ. ಅವಳು ಹದಿಮೂರರ ಮಗ್ಗಿ, ಹದಿನೇಳರ ಮಗ್ಗಿ ಎಂದು ಮುಂದೆ ಮುಂದೆ ಹೋದಳು. ನಾನು ಈರುಳ್ಳಿ ಹೆಚ್ಚುತ್ತ ಕೇಳುತ್ತಿದ್ದೆ.

ಕಲಿಸುವ ರೀತಿಯಾದರೂ ಏನು? ಬೇರೆ ಊರುಗಳಲ್ಲಿ ಮಕ್ಕಳು ವರ್ಷದೊಳಗೆ ಹಾರಿ ಒದೆಯುತ್ತಾರೆ, ಸೊಂಟಕ್ಕೆ ಬಣ್ಣಬಣ್ಣದ ಪಟ್ಟಿ ಕಟ್ಟುತ್ತಾರೆ. ಇಲ್ಲಿ ಆರು ತಿಂಗಳು ಬರೀ ನಿಲ್ಲುವುದು. ಕುದುರೆಯಾದ ಮೇಲೆ ಬಿಲ್ಲು: ಮುಂದಿನ ಮೊಣಕಾಲು ಬಾಗಬೇಕು, ಹಿಂದಿನ ಕಾಲು ನೆಟ್ಟಗಿರಬೇಕು. ಬಿಲ್ಲಾದ ಮೇಲೆ ಬೆಕ್ಕು: ಭಾರವೆಲ್ಲ ಹಿಂದಿನ ಕಾಲಿನ ಮೇಲೆ, ಮುಂದಿನದು ನೆಲಕ್ಕೆ ತಾಗಿಯೂ ತಾಗದಂತೆ. ಒದೆಯುವ ಪಾಠ ಬಂದಾಗ ಗುರುಗಳು ಒದ್ದು ತೋರಿಸುತ್ತಿರಲಿಲ್ಲ. ಎಡಗೈಯ ಅಂಗೈಯನ್ನು ನೆಲ ಮಾಡಿ, ಬಲಗೈಯ ಎರಡು ಬೆರಳುಗಳನ್ನು ಕಾಲು ಮಾಡಿ, ಒಂದು ಬೆರಳನ್ನು ಚಿಟ್ಟನೆ ಚಿಮ್ಮಿಸುತ್ತಿದ್ದರು. ನೇರ ಒದೆತ, ಪಕ್ಕದ ಒದೆತ, ಹಿಮ್ಮಡಿಯ ಒದೆತ ಎಲ್ಲವೂ ಬೆರಳಿನಲ್ಲೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರಂತೂ ನೆಲವನ್ನೇ ಅಂಗೈಯಲ್ಲಿ ಹೊತ್ತು ತಿರುಗುತ್ತಿದ್ದರು.

"ಎತ್ತಿದ ಕಾಲ ನೋಡಬ್ಯಾಡ್ರಿ, ನಿಂತ ಕಾಲ ನೋಡ್ರಿ," ಎಂದು ಒಮ್ಮೆ ನನಗೆ ಉಪದೇಶ ಮಾಡಿದರು. ಎತ್ತಲು ಬಾರದವರು ಇನ್ನೇನು ಹೇಳುತ್ತಾರೆ?

ಭೋಸರಿಯಿಂದ ತಂದದ್ದೆಂದರೆ ರಸಮಟ್ಟ. ಯಂತ್ರದ ಬುಡ ಸಮನಾಗಿದೆಯೇ ಎಂದು ನೋಡುವ, ಗಾಜಿನೊಳಗೆ ಗುಳ್ಳೆ ಆಡುವ ಸಾಧನ. ಅದನ್ನು ಮಕ್ಕಳ ತೊಡೆಯ ಮೇಲಿಡುತ್ತ ಸಾಲಿನುದ್ದಕ್ಕೂ ಹೋಗುತ್ತಿದ್ದರು. ಪಾಠವೆಲ್ಲ ಮರಾಠಿಯಲ್ಲಿ. ಎಣಿಕೆ ಮತ್ತು ಅಳತೆ ಮಾತ್ರ ಕನ್ನಡದಲ್ಲಿ. "ಗುಳ್ಳಿ ನಡುವ ಅದ ಏನ?" ಎಂದು ಪ್ರತಿ ಮಗುವಿಗೂ ಕೇಳುತ್ತಿದ್ದರು. ಮಕ್ಕಳಿಗೆ ಅದೂ ಚೀನೀ ಭಾಷೆಯೇ. ಗುಳ್ಳೆ ನಡುವೆ ಬರುವ ತನಕ ಮುಂದಿನವರ ಹತ್ತಿರ ಹೋಗುತ್ತಿರಲಿಲ್ಲ. ಮಕ್ಕಳನ್ನು ಲೇತ್ ಯಂತ್ರವೆಂದು ತಿಳಿದಿದ್ದಾನೆ ಈ ಮನುಷ್ಯ ಎಂದುಕೊಳ್ಳುತ್ತಿದ್ದೆ. ಎಂಟನೇ ತಿಂಗಳಲ್ಲಿ ಸಾನಿಕಾ ಒಂದೇ ಕಾಲ ಮೇಲೆ ನಿಂತು ಇನ್ನೊಂದನ್ನು ಹಣೆಯ ಮಟ್ಟಕ್ಕೆ ಒದ್ದಾಗ, ನಿಂತ ಕಾಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಅದನ್ನೂ ಬರೆಯಬೇಕು. ಬರೆದೆ.

ಕೆಟ್ಟದ್ದು ನನ್ನಿಂದಲೇ.

ಹನ್ನೊಂದನೇ ತಿಂಗಳ ಒಂದು ಸಂಜೆ. ಸಾನಿಕಾ ನಡುಮನೆಯಲ್ಲಿ ಕುದುರೆ ನಿಂತಿದ್ದಳು. ನಾನು ಸೋಫಾದ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ, ಕೈಯಲ್ಲಿ ಕೆಂಪು ಪೆನ್ನು. 'ಏಳೇಳ್ಲೆ ನಲವತ್ತೊಂಬತ್ತು' ಅಂದಳು. ಉಸಿರು ಎಳೆದುಕೊಂಡಳು. 'ಏಳೊಂಬತ್ಲೆ...' ಅನ್ನುವಷ್ಟರಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತು:

"ಏಳೆಂಟ್ಲೆ ಐವತ್ತಾರು ಎಲ್ಲಿ ಹೋತು?"

ಹನ್ನೊಂದು ತಿಂಗಳು ನುಂಗಿದ್ದ ಸಾಲು. ತಪ್ಪು ಮಗ್ಗಿ ಕೇಳಿ ಸುಮ್ಮನಿರುವುದು ಗಣಿತದವರಿಗೆ ಆಗದ ಕೆಲಸ.

ಅವಳು ನಿಂತ ನಿಲುವಿನಲ್ಲೇ ನನ್ನನ್ನು ನೋಡಿದಳು. "ತುಲಾ ಕಸಂ ಮಾಹೀತ?" ಅಂದಳು. ನಿನಗೆ ಹೇಗೆ ಗೊತ್ತು? ಅವಳು ಬೆರಳು ಮಡಚಿ ಸಾಲುಗಳನ್ನು ಎಣಿಸತೊಡಗಿದಳು. ಗಣಿತದವಳ ಮಗಳು. ಎರಡು ನಿಮಿಷ ಸಾಕಾಯಿತು. "ಹೇ ಪಾಢೇ ಆಹೇತ," ಅಂದಳು. ಇವು ಮಗ್ಗಿಗಳು. ಆಮೇಲೆ ಇನ್ನೂ ಮೆಲ್ಲಗೆ, "ಆಜೀಚ್ಯಾ ಭಾಷೇತ." ಅಜ್ಜಿಯ ಭಾಷೆಯಲ್ಲಿ.

ಮರುದಿನ ಬೆಳಿಗ್ಗೆ, ನಲವತ್ತು ಮಕ್ಕಳು ಮತ್ತು ಕಟ್ಟೆಯ ಮೇಲಿನ ತಂದೆತಾಯಿಗಳ ಎದುರು ಕೈ ಎತ್ತಿ ಕೇಳಿದಳು: "ಸರ್, ಹೇ ಕಾನಡೀ ಆಹೇ ನಾ?" ಇದು ಕನ್ನಡ ಅಲ್ಲವೇ? ನಡುವೆ ಏಳೆಂಟ್ಲೆಯ ಸಾಲು ಬಿಟ್ಟುಹೋಗಿದೆ ಎಂದು ಆಯಿ ಅಂದಳು ಎಂದೂ ಸೇರಿಸಿದಳು.

ಗುರುಗಳು ಮೊದಲು ನನ್ನ ಕಡೆ ನೋಡಿದರು. ಎಂದಿನಂತೆ ಸುಮ್ಮನಿದ್ದರು. ಸುಮ್ಮನಿರುವುದೊಂದೇ ಅವರಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ, ಅಂದು ಅದೂ ಕೈಕೊಟ್ಟಿತು. "ಹೋ," ಅಂದರು. ಹೌದು. ಮಕ್ಕಳು ನಕ್ಕರು. ಒಬ್ಬ ತಂದೆ ಎದ್ದು ನಿಂತು, ನಾವು ಮಕ್ಕಳನ್ನು ಬೆಳಿಗ್ಗೆ ಬೆಳಿಗ್ಗೆ ಎಬ್ಬಿಸಿ ತಂದದ್ದು ಪಕ್ಕದ ರಾಜ್ಯದ ಮಗ್ಗಿ ಕಲಿಯುವುದಕ್ಕೋ ಎಂದು ಕೇಳಿದರು. ವಾರದೊಳಗೆ ನಲವತ್ತು ಮಕ್ಕಳು ಒಂಬತ್ತಾದರು.

ಸ್ಕೂಟರ್ ಮನೆಯ ಹತ್ತಿರ ಬಂದಾಗ ಸಾನಿಕಾ, ನಿನಗೆ ಮೊದಲ ದಿನದಿಂದ ಗೊತ್ತಿತ್ತಾ ಎಂದು ಕೇಳಿದಳು. ನಾನು ಸುಮ್ಮನಿದ್ದೆ.

"ತೂ ಪಣ ಸರಾಂಸಾರಖೀಚ," ಅಂದಳು. ನೀನೂ ಸರ್ ಹಾಗೆಯೇ.

ಅವಳು ಮತ್ತೆ ಆ ಕ್ಲಾಸಿಗೆ ಹೋಗಲಿಲ್ಲ. ಮತ್ತೆ ಒಂದು ಕನ್ನಡ ಶಬ್ದವನ್ನೂ ಆಡಲಿಲ್ಲ, ಮಗ್ಗಿಯನ್ನಂತೂ ಇಲ್ಲವೇ ಇಲ್ಲ. ಎರಡು ವರ್ಷದ ಮೇಲೆ ನನ್ನ ಅವ್ವ ತೀರಿಕೊಂಡಳು. ಮೊಮ್ಮಗಳಿಂದ ಹಲೋ ಬಿಟ್ಟು ಬೇರೇನನ್ನೂ ಕೇಳದೆ ಹೋದಳು. ನಾನು ಆ ತಪ್ಪನ್ನು ಪೂರ್ತಿಯಾಗಿ ಆ ಮನುಷ್ಯನ ಮೇಲೆ ಹೊರಿಸಿದೆ. ಅರ್ಧವಾದರೂ ಅವರದಿತ್ತು.

ಸಾನಿಕಾ ಕ್ಲಾಸು ಬಿಟ್ಟ ಕೆಲವು ದಿನಗಳ ಮೇಲೆ ಅವರು ನಮ್ಮ ಕೋಚಿಂಗ್ ಕ್ಲಾಸಿನ ಬಾಗಿಲಿಗೆ ಬಂದಿದ್ದರು. ಮಧ್ಯಾಹ್ನ, ಭೋಸರಿಗೆ ಹೊರಟ ವೇಷದಲ್ಲಿ, ಕೈಯಲ್ಲಿ ಬುತ್ತಿಯ ಚೀಲ. ಸ್ಯಾಟಿನ್ ಇಲ್ಲದೆ ಇನ್ನೂ ಸಣ್ಣವರಾಗಿ ಕಂಡರು.

"ಒಂದ ಸಾಲ ಬಿಡಾಕ ಆಗ್ಲಿಲ್ಲಲ್ರಿ ಅಕ್ಕಾರ ನಿಮಗ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವ್ಯಾಕ ಬಿಟ್ರಿ ಆ ಸಾಲ?" ಎಂದು ಕೇಳಿದೆ.

"ಸಾಲ್ಯಾಗ ಮೂರನೇತ್ತಾದಾಗ ಮಾಸ್ತರ ಕೇಳಿದ್ರು. ಏಳೆಂಟ್ಲೆ ಬಾಯಿಗಿ ಬರಲಿಲ್ಲ. ಕುರ್ಚಿ ಕೂಡಂದ್ರು. ಕುರ್ಚಿ ಇಲ್ದ ಕೂಡೂದ್ರಿ, ಗೊತ್ತಲ್ಲ? ಉತ್ತರ ಬಂದ ಮ್ಯಾಲೆ ಏಳು ಅಂದ್ರು. ಮಧ್ಯಾನದ ಗಂಟಿ ಹೊಡಿಯೂ ತನಾ ಕೂತೆ, ಬರಲಿಲ್ಲ. ಮರುದಿನಾನೂ ಅಷ್ಟ. ವರ್ಷ ಪೂರ್ತಿ ಹಂಗ ಹೋತು." ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. "ಮುಂದ ಸೊಲ್ಲಾಪುರದಾಗ ಉಸ್ತಾದ್ರು ಕುದರಿ ನಿಂದ್ರು ಅಂದಾಗ ಎಲ್ಲಾರೂ ನಡುಗಿ ಬಿದ್ರು. ನಾ ನಿಂತೆ. ನನಗ ಅದು ಸಾಲ್ಯಾಗ ಬಂದಿತ್ತು."

ಅಂದರೆ ಪೂರ್ವದ ಪುರಾತನ ವಿದ್ಯೆ ಎಂದು ಇಡೀ ಪೇಠ ಕೈ ಮುಗಿದದ್ದು ಇಂಡಿ ತಾಲೂಕಿನ ಮೂರನೇ ತರಗತಿಯ ಶಿಕ್ಷೆಗೆ. ನನಗೆ ನಗು ಬರಬೇಕಿತ್ತು. ನನ್ನ ಬೆನ್ನ ಹಿಂದೆ, ಕ್ಲಾಸಿನ ಮೂಲೆಯಲ್ಲಿ, ಸೂತ್ರ ಮರೆತ ಹುಡುಗಿಯೊಬ್ಬಳನ್ನು ನಾನೇ ನಿಲ್ಲಿಸಿದ್ದೆ. ಅದಕ್ಕೇ ಇರಬೇಕು, ದನಿ ಇನ್ನಷ್ಟು ಗಡುಸಾಯಿತು.

"ಈಗ ಹೇಳ್ರಿ," ಅಂದೆ. "ಏಳೆಂಟ್ಲೆ?"

ಅವರು ನಕ್ಕರು. ತುಟಿ ಸ್ವಲ್ಪ ಆಡಿತು. ಹೇಳಲಿಲ್ಲ. "ಪಾಳಿಗಿ ಹೊತ್ತಾತ್ರಿ," ಎಂದು ಮೆಟ್ಟಿಲು ಇಳಿದರು. ಐವತ್ತಾರು ಎಂದು ಒಮ್ಮೆ ಅನ್ನಲಾರದವನು ಗುರುವಂತೆ ಎಂದುಕೊಂಡೆ. ಕರುಣೆ ಬರಲಿಲ್ಲ, ಈಗಲೂ ಬಂದಿದೆ ಎಂದು ಹೇಳಲಾರೆ.

ಹೋದ ಭಾನುವಾರ ಅದೇ ಅಂಗಳದಲ್ಲಿ ಅವರ ಶೋಕಸಭೆ ಇತ್ತು. ನಾನು ಹೋಗುತ್ತಿರಲಿಲ್ಲ. ಈಗ ಕಾಲೇಜಿಗೆ ಹೋಗುವ ಸಾನಿಕಾ ಬೆಳಿಗ್ಗೆ ಎದ್ದು ಕೂದಲು ಕಟ್ಟಿಕೊಂಡು, ನಾನು ಹೊರಟೆ, ನೀನು ಬರುತ್ತೀಯಾ ಎಂದು ಮರಾಠಿಯಲ್ಲಿ ಕೇಳಿದಳು. ಎಂಟು ವರ್ಷ ಆ ಹೆಸರನ್ನೇ ಎತ್ತದವಳು.

ಬಿಡದೆ ಉಳಿದಿದ್ದ ಆ ಒಂಬತ್ತು ಜನ ಬಂದಿದ್ದರು. ಈಗ ಎಲ್ಲರೂ ದೊಡ್ಡವರು, ಒಬ್ಬಳ ಸೊಂಟದ ಮೇಲೆ ಕೂಸಿತ್ತು. ಭಾಷಣ ಯಾರೂ ಮಾಡಲಿಲ್ಲ. ಫೋಟೋದ ಮುಂದೆ ಸಾಲಾಗಿ ಕುದುರೆ ನಿಂತರು. ಸಾನಿಕಾ ಚಪ್ಪಲಿ ಬಿಟ್ಟು ಸಾಲಿನ ಕೊನೆಗೆ ಸೇರಿಕೊಂಡಳು. ಮಗ್ಗಿ ಶುರುವಾಯಿತು. ಅದು ಕನ್ನಡ ಎಂದು ಗೊತ್ತಿದ್ದೇ ಹೇಳುತ್ತಿದ್ದರು, ಅದೇ ಮೂಗಿನ ರಾಗದಲ್ಲಿ. ಮಗಳ ತುಟಿಗಳು ಆಡುತ್ತಿದ್ದವು.

'ಏಳೇಳ್ಲೆ ನಲವತ್ತೊಂಬತ್ತು.'

ಎಲ್ಲರೂ ಉಸಿರು ಎಳೆದುಕೊಂಡರು. ಅಂಗಳದಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸಿತು. ನನ್ನ ನಾಲಿಗೆಯ ತುದಿಗೆ ಐವತ್ತಾರು ಬಂದು ನಿಂತಿತ್ತು. ಹಲ್ಲು ಕಚ್ಚಿ ಹಿಡಿದೆ. 'ಏಳೊಂಬತ್ಲೆ ಅರವತ್ಮೂರು' ಎಂದು ಅವರು ಮುಂದೆ ಹೋದರು.

ಹಿರಿಯ ಶಿಷ್ಯನೊಬ್ಬ ರಸಮಟ್ಟವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಒಬ್ಬೊಬ್ಬರ ತೊಡೆಯ ಮೇಲೂ ಇಟ್ಟು, ಏನೂ ಅನ್ನದೆ ಮುಂದೆ ಸರಿದ. ಸಾನಿಕಾಳ ತೊಡೆ ಎಂಟು ವರ್ಷ ಮರೆತ ಕೆಲಸಕ್ಕೆ ಥರಥರ ನಡುಗುತ್ತಿತ್ತು. ಅವಳು ಕಣ್ಣು ಮುಚ್ಚಿದ್ದಳು. ನಾನು ಪಕ್ಕದಲ್ಲೇ ನಿಂತು ಗುಳ್ಳೆಯನ್ನು ನೋಡಿದೆ.

ವಾಪಸು ಬರುವಾಗ ಸ್ಕೂಟರ್ ಅವಳು ಓಡಿಸಿದಳು, ನಾನು ಹಿಂದೆ ಕೂತೆ. ಚೌಕದ ಸಿಗ್ನಲ್ಲಿನಲ್ಲಿ ನಿಂತೆವು. ಎದುರಿಗೆ ಫ್ಲೆಕ್ಸು, ಯಾರದೋ ಕಾಲು, ಅವರ ತಲೆ. ಸಾನಿಕಾ ತಿರುಗದೆ ಕೇಳಿದಳು:

"ಆಯಿ, ಗುಳ್ಳಿ ನಡುವ ಇತ್ತೇನ?"

ಅವರು ಯಾವಾಗಲೂ ಕೇಳುತ್ತಿದ್ದದ್ದು 'ಅದ ಏನ' ಎಂದು. 'ಇತ್ತೇನ' ಎಂದು ಅವರು ಅವಳಿಗೆ ಕಲಿಸಿರಲಿಲ್ಲ. ನಾನೂ ಕಲಿಸಿದ ನೆನಪಿಲ್ಲ.

"ಇತ್ತು," ಅಂದೆ.

ಇರಲಿಲ್ಲ. ಸ್ವಲ್ಪ ಬಲಕ್ಕೆ ಸರಿದಿತ್ತು.